ನಾನು ಕೂತೆ, ಸೊಸೆ ನಿಂತಳು

ನಡೆದದ್ದು ಇಷ್ಟೇ. ನಾನು ರೈಲಿನಲ್ಲಿ ಕೂತೆ, ನನ್ನ ಸೊಸೆ ನಿಂತಳು, ಅವಳು ಮೈಸೂರಿಗೆ ಹೋಗುವುದು ಗಟ್ಟಿಯಾಯಿತು.

ನಮ್ಮ ಬೀದಿಯಲ್ಲಿ ಈಗ ಇದಕ್ಕೆ ಬೇರೆ ಬೇರೆ ಕತೆಗಳು ಓಡಾಡುತ್ತಿವೆ. ಅತ್ತೆ-ಸೊಸೆಗೆ ಹೊಂದಿಕೆಯಾಗಲಿಲ್ಲವಂತೆ ಅಂತ ಒಬ್ಬರು. ಮುದುಕಿಯೇ ಬಾಗಿಲು ತೋರಿಸಿದಳಂತೆ ಅಂತ ಇನ್ನೊಬ್ಬರು. ಹೆಂಡತಿ ಹಿಂದೆ ಮಗನೂ ಗಂಟು ಕಟ್ಟಿದನಂತೆ ಅಂತ, ಮಾಡಲು ಬೇರೆ ಕೆಲಸವಿಲ್ಲದವರು. ಗಂಟು ಕಟ್ಟುತ್ತಿರುವುದು ನಿಜ. ಉಳಿದದ್ದೆಲ್ಲ ಸುಳ್ಳು. ನಾನು ಕೂತದ್ದೇ ಕಾರಣ. ಅದೂ ಕಿಟಕಿ ಪಕ್ಕ.

ಮೊದಲಿಂದ ಹೇಳುತ್ತೇನೆ. (ಹೋದ ವಾರ ಈ ಅಂಕಣದಲ್ಲಿ ಹಸುಗಳಿಗೆ ಹೆಸರಿಡುವುದರ ಬಗ್ಗೆ ಬರೆದು ನಿಮ್ಮಿಂದ ಚೆನ್ನಾಗಿ ಬೈಸಿಕೊಂಡೆ. ಈ ವಾರ ಹಸು ಕಡಿಮೆ. ಧೈರ್ಯವಾಗಿ ಓದಿ.)

ನನ್ನ ಸೊಸೆ ಮಂಜುಳಾ ವೈಟ್‌ಫೀಲ್ಡ್ ಆಚೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಟೈಲರ್. ನಾವಿರುವುದು ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ. ನನ್ನ ಮಗ ನಾಗರಾಜ ಡೇರಿಯ ಹಾಲಿನ ಟೆಂಪೊ ಓಡಿಸುತ್ತಾನೆ. ಇನ್ನೂ ಕತ್ತಲಿರುವಾಗಲೇ ಹಾಲಿನ ಕ್ಯಾನ್‌ಗಳ ಜೊತೆ ಹೆಂಡತಿಯನ್ನೂ ಬಂಗಾರಪೇಟೆಗೆ ಇಳಿಸುತ್ತಾನೆ. ಅಲ್ಲಿ ಅವಳು ಮಾರಿಕುಪ್ಪಂನಿಂದ ಬರುವ ರೈಲು ಹತ್ತುತ್ತಾಳೆ. ಸಂಜೆ ಅದೇ ರೈಲು, ಅದೇ ಟೆಂಪೊ. ನಮ್ಮ ಕಡೆ ಇದು ಹೊಸದೇನಲ್ಲ. ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳು ಅಲ್ಲೇ ಇವೆ, ಜನ ಮಾತ್ರ ರೈಲಿನಲ್ಲಿದ್ದಾರೆ. ಊರು ಬಿಡದೆ ಊರು ಬಿಡುವುದಕ್ಕೆ ನಮ್ಮವರು ಕಂಡುಕೊಂಡ ದಾರಿ ಅದು. ಬೆಳಿಗ್ಗೆ ವಲಸೆ ಹೋಗುತ್ತಾರೆ, ರಾತ್ರಿ ಊಟಕ್ಕೆ ವಾಪಸ್ ಬರುತ್ತಾರೆ.

ಹೋದ ತಿಂಗಳು ಕಾರ್ಖಾನೆಯವರು ಇವಳನ್ನು ಕರೆದು, ಮೈಸೂರಿನಲ್ಲಿ ಹೊಸ ಯೂನಿಟ್ ಶುರುವಾಗುತ್ತಿದೆ, ಅಲ್ಲಿಗೆ ನಿನ್ನನ್ನು ಲೈನ್ ಸೂಪರ್‌ವೈಸರ್ ಮಾಡುತ್ತೇವೆ, ಬರುತ್ತೀಯಾ ಅಂತ ಕೇಳಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಬೀದಿ ತಿರುವಿನಿಂದಲೇ ಕೂಗಿಕೊಂಡು ಬರುತ್ತಿದ್ದರು. ಇವಳು ಮನೆಗೆ ಬಂದು, ಸಾರಿಗೆ ಒಗ್ಗರಣೆ ಹಾಕಿ, ನಮಗೆಲ್ಲ ಬಡಿಸಿ, ಪಾತ್ರೆ ತೊಳೆದು, ಸ್ಟೌ ಒರೆಸಿ, ಆಮೇಲೆ ಹೇಳಿದಳು.

ಮಂಜುಳಾ ಹಾಗೇ. ಮನೆಯಲ್ಲಿ ಅವಳ ದನಿಗಿಂತ ಬಳೆ ಸದ್ದು ಜಾಸ್ತಿ. ನಾನು ಜಗಲಿ ಮೇಲೆ ಕೂತಿದ್ದರೆ ಅವಳು ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಕೂರುವುದಿಲ್ಲ. ನಾನೂ ನನ್ನ ಅತ್ತೆಯ ಮುಂದೆ ಕೂತವಳಲ್ಲ. ನಮ್ಮ ಮನೆಯಲ್ಲಿ ಅದೊಂದು ರೂಢಿ, ಯಾರು ಶುರು ಮಾಡಿದರೋ. (ಈ ನಿಲ್ಲುವ ವಿಷಯ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕು.)

ಮೈಸೂರಿನ ಬಗ್ಗೆ ಊರಿಗೆ ಊರೇ ತೀರ್ಪು ಕೊಟ್ಟಿತು. ತಂಪು ಊರು ಅಂದರು. ನೀರು ಚೆನ್ನ ಅಂದರು. (ನಮ್ಮ ಕಡೆಯವರಿಗೆ ನೀರು ಚೆನ್ನ ಅಂದರೆ ಮುಗಿಯಿತು, ಯೋಚನೆ ಮಾಡದೆ ಹೆಣ್ಣು ಕೊಡುತ್ತಾರೆ.) ಬಾಡಿಗೆ ಬೆಂಗಳೂರಿನಷ್ಟಿಲ್ಲ ಅಂದರು. ಮೊಮ್ಮಗಳ ಸ್ಕೂಲು ಬದಲಾಯಿಸುವುದಾದರೆ ಈಗಲೇ ಬದಲಾಯಿಸಿ, ಹತ್ತನೇ ಕ್ಲಾಸಿಗೆ ಬಂದ ಮೇಲೆ ಕಷ್ಟ ಅಂದರು. ನನ್ನ ಮಗನನ್ನು ಕೇಳಿದರೆ, ಸ್ಟೀರಿಂಗ್ ಎಲ್ಲ ಊರಲ್ಲೂ ರೌಂಡಾಗೇ ಇರುತ್ತದೆ, ನನಗೇನು ಅಂದ.

ಮಂಜುಳಾ ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. “ಅತ್ತೆ ಇದಾರಲ್ಲ.”

ನನಗೆ ರೇಗಿತು. ನಾನೇನು ಗೋಡೆಗೆ ಹೊಡೆದ ಮೊಳೆಯಾ, ಬೇಕಾದವರು ಬಂದು ಚೀಲ ನೇತುಹಾಕಲು? ನನಗೆ ಕಾಲು ಗಟ್ಟಿ ಇದೆ. ಕಣ್ಣು ಕಾಣುತ್ತದೆ. ಕೊಟ್ಟಿಗೆಯಲ್ಲಿ ಹಸುಗಳಿವೆ. ಪಕ್ಕದ ಬೀದಿಯಲ್ಲೇ ಮಗಳ ಮನೆ ಇದೆ, ಅವಳ ಹತ್ತಿರ ಜಗಳಕ್ಕೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಸೌಕರ್ಯ ಇರುವ ನನ್ನನ್ನು ಇವಳು ಅನಾಥೆ ಮಾಡಿ ಊರೆಲ್ಲ ಹೇಳಿಕೊಂಡು ಬರುವುದೇ?

ಒಂದು ಸಂಜೆ ಹಿಡಿದು ಕೇಳಿದೆ. “ನನ್ ಮೇಲೆ ಯಾಕೆ ಆಕ್ತೀಯ? ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅನ್ನು.”

ಅವಳು ಬಾಗಿಲ ಹತ್ತಿರ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ಇಷ್ಟ ಇಲ್ಲ ಅಂತಲ್ಲ ಅತ್ತೆ. ಅಲ್ಲಿ ನಂಗೆ ಯಾರು ಸೀಟ್ ಇಡೀತಾರೆ?”

ಸೀಟಾ? ಮೈಸೂರಿನಲ್ಲಿ ಬಸ್ಸಿಲ್ಲವಾ, ಕಂಪನಿ ವ್ಯಾನ್ ಇಲ್ಲವಾ, ಒಂದು ಸೀಟಿಗೋಸ್ಕರ ಯಾರಾದರೂ ಸೂಪರ್‌ವೈಸರ್ ಕೆಲಸ ಬಿಡುತ್ತಾರಾ ಅಂತ ಕೇಳಿದೆ. ಅವಳು ಹಸುವಿಗೆ ಹುಲ್ಲು ಹಾಕಲು ಹೋದಳು.

ಕಾರ್ಖಾನೆಯವರು ಕೊಟ್ಟಿದ್ದ ಗಡುವು ಶುಕ್ರವಾರ. ಗುರುವಾರ ರಾತ್ರಿ ಊಟದ ಹೊತ್ತಿಗೂ ಇವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾಳೆ ನಾನೂ ನಿನ್ನ ಜೊತೆ ಬರುತ್ತೇನೆ ಅಂದೆ. ಯಾಕೆ ಅಂದಳು. ನಿಮ್ಮ ಮ್ಯಾನೇಜರ್‌ಗೆ ನನ್ನನ್ನು ತೋರಿಸುತ್ತೇನೆ ಅಂದೆ. ಭಾಷಣ ಕೂಡ ತಯಾರು ಮಾಡಿಕೊಂಡಿದ್ದೆ: ನೋಡಪ್ಪ, ನಾನೇ ಆ ಅತ್ತೆ. ಕೆಮ್ಮಿಲ್ಲ, ಕುಂಟಿಲ್ಲ. ಇವಳು ನನ್ನ ನೆಪ ಹೇಳಿದರೆ ನಂಬಬೇಡ.

ಭಾಷಣ ಹಾಗೇ ಉಳಿಯಿತು.

ಬಂಗಾರಪೇಟೆ ಸ್ಟೇಷನ್ನನ್ನು ನಾನು ಹಗಲು ಹೊತ್ತಿನಲ್ಲಿ ನೋಡಿದ್ದೇನೆ. ನಾಯಿಗಳು ಮಲಗಿರುತ್ತವೆ, ಯಾರೋ ಒಬ್ಬ ಕಡಲೆಕಾಯಿ ಮಾರುತ್ತಿರುತ್ತಾನೆ. ಆ ಕತ್ತಲಿನಲ್ಲಿ ನೋಡಿದ್ದು ಇದೇ ಮೊದಲು. ಚಳಿ ಅಂದರೆ ಹಲ್ಲು ಕಟಕಟ ಅನ್ನುವ ಚಳಿ. ಎಲ್ಲ ದಿಕ್ಕಿನಿಂದ ಜನ ಬರುತ್ತಿದ್ದಾರೆ. ಬಸ್ಸಿನಿಂದ ಇಳಿಯುವವರು, ಬೈಕ್ ನಿಲ್ಲಿಸಿ ಓಡುವವರು, ಆಟೊದಿಂದ ಗುಂಪಾಗಿ ಉದುರುವವರು. ಸ್ವೆಟರ್, ಮಂಕಿ ಕ್ಯಾಪ್, ಹೆಗಲಿಗೆ ಟಿಫನ್ ಬ್ಯಾಗು. ಇಷ್ಟು ಜನ, ಆದರೆ ಗಲಾಟೆ ಇಲ್ಲ. ಪ್ಲಾಟ್‌ಫಾರ್ಮಿಗೆ ಬಂದವರು ಅಲ್ಲಲ್ಲಿ ಗುಂಪುಗುಂಪಾಗಿ ನಿಂತರು. ಯಾಕೆ ಅಲ್ಲೇ ನಿಲ್ಲುತ್ತಾರೆ ಅಂತ ನನಗೆ ಅರ್ಥವಾಗಲಿಲ್ಲ. ರೈಲು ಬಂದು ನಿಂತಾಗ ಅರ್ಥವಾಯಿತು. ಒಂದೊಂದು ಬಾಗಿಲೂ ಒಂದೊಂದು ಗುಂಪಿನ ಮೂಗಿನ ನೇರಕ್ಕೆ ನಿಂತಿತ್ತು.

ನಮ್ಮೂರಿನ ಮದುವೆ ಊಟದಲ್ಲಿ ಎಲೆ ಹಾಕಿದ ಕಡೆ ಜನ ಕೂರುವುದಿಲ್ಲ. ಇಲ್ಲಿ ಗೆರೆಯೂ ಇಲ್ಲ, ಹೇಳುವವರೂ ಇಲ್ಲ, ಆದರೂ ಎಲ್ಲರಿಗೂ ಅವರವರ ಜಾಗ ಗೊತ್ತು.

ರೈಲು ನಿಲ್ಲುವ ಮೊದಲೇ ಹೆಂಗಸರ ಬೋಗಿಯ ಒಂದು ಕಿಟಕಿಯಿಂದ ಕೈಯೊಂದು ಹೊರಗೆ ಬಂದು ಅಲ್ಲಾಡಿತು. ಅದು ಸೆಲ್ವಿಯ ಕೈ ಅಂದಳು ಮಂಜುಳಾ. ಸೆಲ್ವಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವಳು, ಇವಳ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಕೆಲಸ. ಅವಳ ಅಪ್ಪ ಗಣಿಗೆ ಇಳಿಯುತ್ತಿದ್ದವರು. ಕೆಜಿಎಫ್‌ನಲ್ಲಿ ಹತ್ತುವವರಿಗೆ ಸೀಟು ಸಿಗುತ್ತದೆ, ಬಂಗಾರಪೇಟೆಗೆ ಬರುವ ಹೊತ್ತಿಗೆ ರೈಲು ತುಂಬಿರುತ್ತದೆ. ಆದ್ದರಿಂದ ಅಲ್ಲಿಯವರು ಇಲ್ಲಿಯವರಿಗೆ ಬ್ಯಾಗ್ ಇಟ್ಟು ಸೀಟು ಹಿಡಿಯುತ್ತಾರೆ. ಯಾರಿಗೆ ಯಾರು ಹಿಡಿಯುವುದು ಅನ್ನುವುದು ಮದುವೆ ಸಂಬಂಧದ ಹಾಗೆ, ಸುಮ್ಮಸುಮ್ಮನೆ ಬದಲಾಗುವುದಿಲ್ಲ. ಮದುವೆಯಾಗಿ ಬಂದ ಮೇಲೆ ಕೆಲಸಕ್ಕೆ ಸೇರಿದ ದಿನದಿಂದ ನನ್ನ ಸೊಸೆಗೆ ಸೆಲ್ವಿಯೇ ಹಿಡಿಯುತ್ತಿದ್ದಾಳೆ. ಕಿಟಕಿ ಪಕ್ಕದ ಸೀಟು.

ಮಂಜುಳಾ ನನ್ನ ಮಣಿಕಟ್ಟು ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಸೆಲ್ವಿಯ ಬ್ಯಾಗನ್ನು ಎತ್ತಿ ಅವಳ ತೊಡೆಯ ಮೇಲಿಟ್ಟಳು. ನನ್ನನ್ನು ಆ ಸೀಟಿನಲ್ಲಿ ಕೂರಿಸಿದಳು. ತಾನು ಎದುರಿಗೆ ಕಂಬಿ ಹಿಡಿದು ನಿಂತಳು.

ಬೋಗಿ ಗಪ್‌ಚಿಪ್ ಆಯಿತು.

ವಯಸ್ಸಾದವಳು ಬಂದಿದ್ದಾಳೆ, ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡೆ. ಎದುರಿನ ಸೀಟಿನಲ್ಲಿ ಒಬ್ಬಳು ಸ್ಟೀಲ್ ಬೋಸಿಯಲ್ಲಿ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿತುಕುತ್ತಿದ್ದಳು. ಅವಳ ಬೆರಳು ಹಾಗೇ ನಿಂತಿತ್ತು. ಸೆಲ್ವಿ ಮಂಜುಳಾನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಅವಳ ಮುಖ ನೋಡಿದಳು. ಅವರೆಕಾಳಿನವಳು ಪಕ್ಕಕ್ಕೆ ಸರಿದು ಒಂದು ಗೇಣು ಜಾಗ ಮಾಡಿ, ಬಾ ಮಂಜಕ್ಕ, ಅಡ್ಜಸ್ಟ್ ಮಾಡಿಕೊಂಡು ಕೂತುಕೋ ಅಂದಳು. ಮಂಜುಳಾ ಬೇಡ ಅಂದಳು. ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಮುಂದೆ ಅವಳು ಯಾವತ್ತು ಕೂತಿದ್ದಾಳೆ?

ಸೆಲ್ವಿ ವೇಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಚಳಿಗೆ ನೆಗಡಿ ಅಂದುಕೊಂಡೆ.

ರೈಲು ಹೊರಟಿತು. ಸ್ವಲ್ಪ ಹೊತ್ತಿಗೆ ಬೋಗಿ ಮತ್ತೆ ಉಸಿರಾಡಿತು. ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ? ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದವಳು ನಾನು, ದೊಡ್ಡ ಮಾತು ಬರುವುದಿಲ್ಲ. ನೋಡಿದ ಹಾಗೇ ಹೇಳುತ್ತೇನೆ.

ಆ ಅವರೆಕಾಳಿನ ಬೋಸಿ ಇತ್ತಲ್ಲ, ಅದು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಹೋಗುತ್ತಿತ್ತು. ಒಬ್ಬೊಬ್ಬರ ತೊಡೆಯಲ್ಲಿ ಒಂದಷ್ಟು ಹೊತ್ತು ನಿಲ್ಲುತ್ತಿತ್ತು, ಅವರು ಒಂದು ಹಿಡಿ ಹಿತುಕಿ, ಸಿಪ್ಪೆಯನ್ನು ಕವರಿಗೆ ಹಾಕಿ, ಮುಂದಕ್ಕೆ ಕಳಿಸುತ್ತಿದ್ದರು. ಮಾತು ನಿಲ್ಲಿಸದೆ. ನೋಡದೆ. ಇಳಿಯುವ ಹೊತ್ತಿಗೆ ಬೇಳೆ ತಯಾರು. ಸಂಜೆ ಮನೆಗೆ ಹೋಗಿ ಯಾವಾಗ ಹಿತುಕೋದು, ಇವತ್ತು ಇವಳ ಮನೆಗೆ, ನಾಳೆ ನನ್ನ ಮನೆಗೆ ಅಂತ ಒಬ್ಬಳು ಹೇಳಿದಳು. ಮನೆಯಲ್ಲಿ ನಾನೊಬ್ಬಳೇ ಕೂತು ಹಿತುಕಿ ಹಿತುಕಿ ಉಗುರು ನೋಯಿಸಿಕೊಳ್ಳುವುದು ನೆನಪಾಯಿತು.

ಆ ಕಡೆ ಒಬ್ಬ ನರ್ಸು ಯಾರದೋ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಳು, ಉಪ್ಪಿನಕಾಯಿ ಬಿಡು ಅಂದರೆ ಬಿಡಲ್ಲ ಅಲ್ವಾ ಅಂತ ತೆಲುಗಿನಲ್ಲಿ ಬೈಯುತ್ತಿದ್ದಳು. ಬೈಸಿಕೊಳ್ಳುತ್ತಿದ್ದವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ನಗುತ್ತಿದ್ದವರು ಕನ್ನಡದವರು. ನಿದ್ದೆ ಮಾಡುವವರು ಪಕ್ಕದಲ್ಲಿ ಯಾರ ಹೆಗಲು ಸಿಕ್ಕಿತೋ ಅದರ ಮೇಲೆ ತಲೆ ಇಟ್ಟಿದ್ದರು. ಇಳಿಯುವ ಸ್ಟೇಷನ್ ಬರುವ ಮೊದಲು ಆ ಹೆಗಲಿನವಳೇ ತಟ್ಟಿ ಎಬ್ಬಿಸುತ್ತಿದ್ದಳು. ಯಾರು ಎಲ್ಲಿ ಇಳಿಯಬೇಕು ಅಂತ ಎಲ್ಲರಿಗೂ ಗೊತ್ತು.

ಇದರ ಮಧ್ಯೆ ನನ್ನ ಸೊಸೆ.

ಟೇಕಲ್ ದಾಟಿದ ಮೇಲೆ ಬಾಗಿಲ ಕಡೆ ಇಬ್ಬರಿಗೆ ಸೀಟಿನ ವಿಷಯಕ್ಕೆ ಜಗಳ ಹತ್ತಿತು. ಕೂದಲು ಹಿಡಿಯುವುದೊಂದು ಬಾಕಿ. ಇಬ್ಬರೂ ಒಟ್ಟಿಗೆ, ಮಂಜಕ್ಕ ಬರಲಿ, ಮಂಜಕ್ಕ ಹೇಳಲಿ ಅಂದರು. ಯಾವ ಮಂಜಕ್ಕ ಅಂತ ನಾನೂ ಕತ್ತು ಉದ್ದ ಮಾಡಿ ನೋಡಿದೆ. ನಮ್ಮ ಮಂಜಿ. ಅವಳು ಕಂಬಿ ಬಿಡಲೂ ಇಲ್ಲ, ದನಿ ಏರಿಸಲೂ ಇಲ್ಲ. “ಅವಳು ಮಾಲೂರಲ್ಲಿ ಇಳೀತಾಳೆ, ನೀನು ಕಂಟೋನ್ಮೆಂಟ್ ಗಂಟ ಓಗ್ಬೇಕು. ಮಾಲೂರು ಗಂಟ ಅವಳು ಕೂರ್ಲಿ.” ಅಷ್ಟೇ. ಇಬ್ಬರೂ ಬಾಯಿ ಮುಚ್ಚಿದರು. ಒಬ್ಬಳು ಇನ್ನೊಬ್ಬಳ ಬ್ಯಾಗ್ ಹಿಡಿದುಕೊಂಡಳು ಕೂಡ.

ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ಹೇಳಲು ಬಾಯಿ ಬಿಡದವಳು ಇವಳೇನಾ?

ಬಾಗಿಲ ಹತ್ತಿರ ಪದ್ಮ ಅಂತ ಒಬ್ಬಳು ನಿಂತಿದ್ದಳು. ನನ್ನ ಸೊಸೆಯದೇ ವಯಸ್ಸು. ಬೇತಮಂಗಲದಿಂದ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬರುತ್ತಾಳೆ, ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ. ಹೊಸದಾಗಿ ಸೇರಿದವಳು, ಅವಳಿಗೆ ಸೀಟು ಹಿಡಿಯುವವರು ಯಾರೂ ಇಲ್ಲ, ದಿನಾ ನಿಂತೇ ಹೋಗುತ್ತಾಳೆ. ಮಂಜುಳಾ ಅವಳನ್ನು ಕರೆದು ಕರ್ಚೀಫು ತೆಗೆಸಿ, ಅದರ ಅಂಚನ್ನು ಮಡಚಿ ಬೆರಳಿನಿಂದ ಹೇಗೆ ನೂಕಬೇಕು, ಮಷೀನಿಗೆ ಬಟ್ಟೆ ಕೊಡುವಾಗ ಎಳೆಯಬಾರದು, ಬಿಡಬೇಕು ಅಂತ ತೋರಿಸುತ್ತಿದ್ದಳು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಕರ್ಚೀಫು. ರೈಲು ಅಲ್ಲಾಡುತ್ತಿದೆ, ಇವಳ ಬೆರಳು ಅಲ್ಲಾಡುತ್ತಿಲ್ಲ. ಕಾರ್ಖಾನೆಯಲ್ಲಿರುವ ಎಷ್ಟೋ ಹೆಂಗಸರು ಮೊದಲು ಹೊಲಿಗೆ ಕಲಿತದ್ದು ಇಲ್ಲೇ, ಇವಳ ಹತ್ತಿರವೇ ಅಂತ ಸೆಲ್ವಿ ಹೇಳಿದಳು.

ಬೇತಮಂಗಲದ ಕೆರೆ ಕೋಡಿ ಬಿದ್ದಾಗ ನೋಡಲು ಹೋಗಿದ್ದೆ. ದಿನಾ ನಲ್ಲಿಯಲ್ಲಿ ಸಣ್ಣಗೆ ಬರುವ ನೀರು ಇಷ್ಟೊಂದಿತ್ತಾ ಅಂತ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಶುಕ್ರವಾರ ರೈಲಿನಲ್ಲಿ ಹಾಗೇ ಆಯಿತು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದೇವೆ. ನನಗೆ ನಲ್ಲಿ ಮಾತ್ರ ಗೊತ್ತಿತ್ತು.

ಆಗ ಸೆಲ್ವಿ ನನ್ನ ಕಿವಿಯ ಹತ್ತಿರ ಬಂದಳು. ಅವಳ ಕನ್ನಡದಲ್ಲಿ ಅರ್ಧ ತಮಿಳು, ನಾನು ಅವಳಿಗೆ ಪಾಟಿ, ಅಂದರೆ ಅಜ್ಜಿ. “ಪಾಟಿ, ಒಂದ್ ಮಾತು ಮೊದ್ಲೇ ಸೊಲ್ಲಬಾರದಾ? ಇಂಗೆ ದಿಢೀರಂತ ಬಂದು ಕೂತ್ಬಿಟ್ರೆ ನಾವ್ ಏನ್ ಮಾಡಾದು?”

ಎಲ್ಲಿ ಕೂರಬೇಕಿತ್ತು, ನಿನ್ನ ತೊಡೆ ಮೇಲಾ ಅಂತ ಕೇಳಿದೆ.

ಅವಳು ನಗಲಿಲ್ಲ. ವಿವರಿಸಿದಳು. ಈ ಬೋಗಿಯಲ್ಲಿ ಒಂದು ಕಟ್ಟಳೆ ಇದೆಯಂತೆ. ರೈಲು ಬಿಟ್ಟು ಹೋಗುವವರು, ಅಂದರೆ ರಿಟೈರ್ ಆಗುವವರು, ಕೆಲಸ ಬಿಡುವವರು, ಊರು ಬದಲಾಯಿಸುವವರು, ಅದನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಲು ಹೋದರೆ ಅಳು ಬರುತ್ತದೆ, ಬೆಳಿಗ್ಗೆ ಬೆಳಿಗ್ಗೆ ಎಲ್ಲರಿಗೂ ಯಾಕೆ? ಅದಕ್ಕೆ ಒಂದು ದಿನ ಯಾರನ್ನಾದರೂ ಕೈ ಹಿಡಿದು ಕರೆತಂದು ತಮ್ಮ ಸೀಟಿನಲ್ಲಿ ಕೂರಿಸುತ್ತಾರೆ. ತಾವು ನಿಂತು ಹೋಗುತ್ತಾರೆ. ಪಕ್ಕದವರು ಜಾಗ ಕೊಟ್ಟು ನೋಡುತ್ತಾರೆ. ಕೂತರೆ ಏನೂ ಇಲ್ಲ. ಕೂರದಿದ್ದರೆ ಹೊರಟರು ಅಂತ. ಆವತ್ತಿನಿಂದ ಆ ಸೀಟು ಕೂತವರದು. ಅವರಿಗೂ ಬೇಡವಾದರೆ ಅವರೇ ಇನ್ನೊಬ್ಬರನ್ನು ಕೈ ಹಿಡಿದು ಕೂರಿಸಬೇಕು.

ನನಗೆ ಈಗ ಬೆವರು ಬಂತು. ಆ ಚಳಿಯಲ್ಲಿ.

ಅರ್ಥವಾಯಿತಲ್ಲ ನಿಮಗೆ? ಅತ್ತೆಯ ಎದುರಿಗೆ ಕೂರಬಾರದು ಅನ್ನುವುದು ನಮ್ಮ ಮನೆಯ ರೂಢಿ. ನಮ್ಮ ಮನೆಯ ರೂಢಿ ಹೋಗಿ ಬೋಗಿಯ ರೂಢಿಗೆ ಡಿಕ್ಕಿ ಹೊಡೆದಿತ್ತು. ಪಾಪ, ಇನ್ನೂ ಏನೂ ತೀರ್ಮಾನ ಮಾಡದವಳನ್ನು ನಾನು ಒಂದು ಮಾತಿಲ್ಲದೆ ಮೈಸೂರಿಗೆ ಸಾಗಹಾಕಿದ್ದೆ.

ಎದ್ದು ನಿಲ್ಲಲು ನೋಡಿದೆ. ಸೆಲ್ವಿ ಬಿಡಲಿಲ್ಲ. ಕೂತಲ್ಲಿಂದಲೇ ಕರೆದೆ. “ಲೇ ಮಂಜಿ, ಬಂದು ಕೂತ್ಕೊಳ್ಳೇ. ಇವ್ರೆಲ್ಲ ಏನೋ ತಿಳ್ಕೊಂಡವ್ರೆ.”

ಅವರೆಕಾಳಿನವಳು ಮತ್ತೆ ಸರಿದು ಅದೇ ಒಂದು ಗೇಣು ಜಾಗ ಮಾಡಿದಳು. ಅಷ್ಟೇ ಅಗಲ, ಒಂದು ಸೊಂಟ ಹಿಡಿಸಬೇಕು. ಮಂಜುಳಾ ಆ ಜಾಗವನ್ನೇ ನೋಡುತ್ತಿದ್ದಳು. ಹೊರಗೆ ಬೆಳಕಾಗುತ್ತಿತ್ತು. ನೀಲಗಿರಿ ತೋಪುಗಳು ಹಿಂದಕ್ಕೆ ಓಡುತ್ತಿದ್ದವು. ಅವಳು ಕೂರುತ್ತಾಳೆ ಅಂತಲೇ ನಾನು ಅಂದುಕೊಂಡೆ. ನಾನಾಗಿದ್ದರೆ ಕೂರುತ್ತಿದ್ದೆ. ಇಷ್ಟು ಜನರನ್ನು, ಆ ಕಿಟಕಿಯಿಂದ ಅಲ್ಲಾಡುವ ಕೈಯನ್ನು ಬಿಟ್ಟು ಯಾರು ಹೋಗುತ್ತಾರೆ?

“ಬೇಡಿ ಅತ್ತೆ,” ಅಂದಳು. “ಅವ್ರು ತಿಳ್ಕೊಂಡಿರಾದು ಸರೀನೇ.”

ಯಾರೂ ಚಪ್ಪಾಳೆ ತಟ್ಟಲಿಲ್ಲ, ತಬ್ಬಿಕೊಳ್ಳಲಿಲ್ಲ. ಬೋಸಿ ಕೈಯಿಂದ ಕೈಗೆ ಬಂದು ಅವಳ ಎದುರಿಗೆ ನಿಂತಿತು. ಒಬ್ಬಳು ಹಿಡಿದುಕೊಂಡಳು, ಇವಳು ನಿಂತಲ್ಲೇ ಒಂದು ಹಿಡಿ ಹಿತುಕಿದಳು. ಆಮೇಲೆ ಸೆಲ್ವಿ ಯಾರಿಗೂ ಅಲ್ಲದ ಹಾಗೆ ಹೇಳಿದಳು. “ನಮ್ಮಪ್ಪ ದಿನಾ ಕೆಳಗೋಗಿ ಮೇಲೆ ಬತ್ತಿದ್ರು. ನಾವು ಅಂಗೋಗಿ ಇಂಗೆ ಬತ್ತೀವಿ. ಇವಳೊಬ್ಳು ಓಗ್ತಾಳೆ, ಬರಲ್ಲ.” ಇನ್ನೊಬ್ಬಳು, ಬರದಿದ್ದರೆ ಮೈಸೂರಿಗೇ ಬಂದು ಜುಟ್ಟು ಹಿಡಿದು ಎಳೆದು ತರುತ್ತೇವೆ ಬಿಡು ಅಂದಳು. ಆಗ ಎಲ್ಲರೂ ನಕ್ಕರು. ಮೂಗು ಒರೆಸಿಕೊಳ್ಳುವವರು ಒರೆಸಿಕೊಂಡರು. ಯಾರಿಗೂ ನೆಗಡಿ ಇರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಬಿಟ್ಟಿದ್ದರೂ ಹೇಳಲು ನನ್ನ ಹತ್ತಿರ ಏನಿತ್ತು? ಮಂಜುಳಾ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ನಿಂತು ಏನೋ ಹೇಳಿದ್ದು ಗೇಟಿನ ಸಂದಿಯಿಂದ ಕಂಡಿತು. ಆ ಮನುಷ್ಯ ತಲೆ ಆಡಿಸಿದ. ಅಷ್ಟರಲ್ಲೇ ಮುಗಿದುಹೋಯಿತು, ನಮ್ಮ ಮನೆಯಲ್ಲಿ ಒಂದು ತಿಂಗಳು ಕುದ್ದಿದ್ದು.

ನಾನು ಇಡ್ಲಿ ತಿಂದು ಮಧ್ಯಾಹ್ನದ ರೈಲಿಗೆ ವಾಪಸ್ ಹೊರಟೆ. ಹೆಂಗಸರ ಬೋಗಿಯಲ್ಲಿ ನಾನು, ಇನ್ನೊಂದಿಬ್ಬರು. ಬೆಳಿಗ್ಗೆ ಅಷ್ಟು ಜನ ಬದುಕಿದ್ದ ಜಾಗ ಇಂಥದ್ದೇನಾ ಅನ್ನಿಸಿತು. ಹಸಿರು ಸೀಟು, ಕಬ್ಬಿಣದ ಕಂಬಿ, ನೆಲದ ಮೇಲೆ ಎಲ್ಲೋ ಬಿದ್ದ ಒಂದು ಅವರೆ ಸಿಪ್ಪೆ. ಇಷ್ಟರಲ್ಲಿ ಅವರು ಒಂದು ಊರು ಕಟ್ಟಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಕಟ್ಟುತ್ತಾರೆ, ಇಳಿಯುವಾಗ ಬಿಚ್ಚುತ್ತಾರೆ, ಸಂಜೆ ಮತ್ತೆ ಕಟ್ಟುತ್ತಾರೆ.

ಕೆಲಸಕ್ಕೆ ಊರು ಬದಲಾಯಿಸಬೇಕಾ ಬೇಡವಾ ಅಂತ ಯೋಚನೆ ಮಾಡುವವರು ನಿಮ್ಮಲ್ಲಿ ಎಷ್ಟೋ ಜನ ಇರುತ್ತೀರಿ. ಏನೇನು ಕೇಳಿಕೊಳ್ಳುತ್ತೀರಿ? ಬಾಡಿಗೆ ಎಷ್ಟು, ನೀರು ಹೇಗೆ, ಸ್ಕೂಲು ಎಲ್ಲಿ, ಹವಾ ಒಗ್ಗುತ್ತದಾ. ನಾವೂ ಅದನ್ನೇ ಕೇಳಿದೆವು. ಒಂದು ತಿಂಗಳು ಕೇಳಿದೆವು. ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು, ಅಲ್ಲಿ ನನಗೆ ಯಾರು ಸೀಟು ಹಿಡಿಯುತ್ತಾರೆ ಅಂತ. ನಾವು ಬಸ್ಸಿನ ಮಾತಾಡಿದೆವು. ನಾವು ಬರುವ ಮೊದಲೇ ನಮಗೋಸ್ಕರ ಒಂದು ಬ್ಯಾಗ್ ಇಟ್ಟು, ಬಂದವರ ಹತ್ತಿರ ಜಗಳವಾಡಿ ಜಾಗ ಕಾಯುವವರು ಒಂದು ಊರಿನಲ್ಲಿ ಇದ್ದಾರಾ ಇಲ್ಲವಾ, ಅದನ್ನು ಯಾವ ಬ್ರೋಕರ್ ಹೇಳುತ್ತಾನೆ? (ನಮ್ಮ ಊರಿನಲ್ಲೇ ಇದ್ದುಕೊಂಡು, ಬ್ಯಾಗ್ ಇಡುವವರು ಯಾರೂ ಇಲ್ಲದವರೂ ಇದ್ದಾರೆ. ಅವರು ಯಾಕೆ ಇಲ್ಲೇ ಉಳಿದಿದ್ದಾರೋ ಗೊತ್ತಿಲ್ಲ.)

ಸಂಜೆ ಅವಳು ಬಂದಳು. ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಆ ಕಟ್ಟಳೆ ನಿನಗೆ ಗೊತ್ತಿರಲಿಲ್ಲವಾ, ಗೊತ್ತಿದ್ದೂ ನನ್ನನ್ನು ಯಾಕೆ ಕೂರಿಸಿದೆ ಅಂತ ಕೇಳಿದೆ.

“ಕೂರಿಸೋವಾಗ ನೆನಪಿರ್ಲಿಲ್ಲ ಅತ್ತೆ. ಸೆಲ್ವಿ ಮುಖ ನೋಡ್ದಾಗ ನೆನಪಾಯ್ತು. ಜಾಗ ಕೊಟ್ರಲ್ಲ, ಕೂತಿದ್ರೆ ಅಲ್ಲಿಗೆ ಮುಗೀತಿತ್ತು.” ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಹೇಳಿದಳು. “ಕೂರಾಕೆ ಮನ್ಸು ಬರ್ಲಿಲ್ಲ.”

“ಮತ್ತೆ ಸೀಟು? ಮೈಸೂರಲ್ಲಿ ಯಾರು ಇಡೀತಾರೆ ಅಂತ ಅಳ್ತಿದ್ಯಲ್ಲ.”

“ಮೊದ್ಲು ನಾನು ಯಾರಿಗಾನ ಇಡೀತೀನಿ,” ಅಂದಳು. “ಆಮೇಲೆ ನೋಡಾಣ.”

ನನಗೆ ಮಾತು ಹೊರಡಲಿಲ್ಲ. (ನನಗೆ. ಈ ಅಂಕಣ ಓದುವವರಿಗೆ ಗೊತ್ತು, ಇದು ಎಷ್ಟು ಅಪರೂಪ ಅಂತ.) ಒಬ್ಬರ ಪರಿಚಯವಿಲ್ಲ, ಆ ಊರಿನ ದಾರಿ ಗೊತ್ತಿಲ್ಲ. ಅಲ್ಲಿ ಹೋಗಿ ಮೊದಲು ಇನ್ನೊಬ್ಬರಿಗೆ ಜಾಗ ಹಿಡಿಯುತ್ತಾಳಂತೆ. ಇವಳನ್ನು ಸೂಪರ್‌ವೈಸರ್ ಮಾಡಿದ ಆ ಮ್ಯಾನೇಜರ್‌ಗೆ ತಾನು ಏನು ಮಾಡಿದ್ದೇನೆ ಅಂತ ಪೂರ್ತಿ ಗೊತ್ತಿರಲಾರದು. ಸಂಕ್ರಾಂತಿ ಮುಗಿಸಿ ಮಂಜುಳಾ ಹೊರಡುತ್ತಾಳೆ, ಪರೀಕ್ಷೆ ಆದ ಮೇಲೆ ಮೊಮ್ಮಗಳು ಮತ್ತು ನಾಗರಾಜ. ನಾನು ಬರುವುದಿಲ್ಲ ಅಂತ ಹೇಳಿದ್ದೇನೆ. ಮಗಳ ಹತ್ತಿರ ಅರ್ಧಕ್ಕೆ ಬಿಟ್ಟ ಜಗಳಗಳಿವೆ.

ಆದರೆ ಒಂದು ಕೆಲಸ ಬಾಕಿ ಇತ್ತಲ್ಲ. ಕಟ್ಟಳೆ ಪ್ರಕಾರ ಆ ಕಿಟಕಿ ಸೀಟು ಈಗ ಯಾರದು? ನನ್ನದು. ಖಾಲಿ ಬಿಡುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಮಂಜುಳಾ ಏಳುವ ಮೊದಲೇ ಎದ್ದು, ಸೀರೆ ಉಟ್ಟು, ಟೆಂಪೊದಲ್ಲಿ ಕೂತಿದ್ದೆ. ಮಗ ನೋಡಿ, ಇವತ್ತೇನು ಅಂದ. ಗಾಡಿ ತೆಗೆ ಅಂದೆ. ರೈಲು ಬಂತು, ಕೈ ಅಲ್ಲಾಡಿತು, ಹತ್ತಿದೆವು. ಸೆಲ್ವಿ ಬ್ಯಾಗ್ ಎತ್ತಿ ನನಗೆ ಜಾಗ ಬಿಟ್ಟಳು. ನಾನು ಬಾಗಿಲ ಹತ್ತಿರ ಹೋಗಿ, ಬೇತಮಂಗಲದ ಪದ್ಮನ ಕೈ ಹಿಡಿದು ಕರೆತಂದು ಆ ಸೀಟಿನಲ್ಲಿ ಕೂರಿಸಿದೆ. ಅವಳು ಹೆದರಿ ಎದ್ದಳು. ಭುಜ ಒತ್ತಿ ಕೂರಿಸಿದೆ.

ಎದುರಿನವಳು ಸರಿದು ನನಗೆ ಒಂದು ಗೇಣು ಜಾಗ ಮಾಡಿದಳು. ಬೇಡ ಅಂದೆ. ಸೆಲ್ವಿ ಕಣ್ಣು ದೊಡ್ಡದು ಮಾಡಿ, “ನೀವೆಲ್ಲಿಗೆ ಪಾಟಿ ಹೊರಟಿರಾದು?” ಅಂತ ಕೇಳಿದಳು.

ಎಲ್ಲಿಗೂ ಇಲ್ಲ ಕಣಮ್ಮ, ಟೇಕಲ್‌ನಲ್ಲಿ ಇಳಿದು ವಾಪಸ್ ಹೋಗಬೇಕು, ಹಸುಗಳು ಕಾಯುತ್ತಿರುತ್ತವೆ ಅಂದೆ. ಟೇಕಲ್ ಬರುವ ತನಕ ನಾನೂ ನನ್ನ ಸೊಸೆಯೂ ಒಂದೇ ಕಂಬಿ ಹಿಡಿದು ಅಕ್ಕಪಕ್ಕ ನಿಂತು ಹೋದೆವು.

ಸೊಸೆಯ ಪಕ್ಕದಲ್ಲಿ ಅತ್ತೆ ನಿಂತರೆ ಏನು ಅಂತ ನಮ್ಮ ಮನೆಯ ರೂಢಿಯಲ್ಲಿ ಯಾರೂ ಹೇಳಿಲ್ಲ. ನಿಮ್ಮ ಮನೆಯಲ್ಲಿ?